ಹೊಟ್ಟು ಕದ್ದ ಕಳ್ಳ

ಪೆಟ್ಟಿಗೆ ಇತ್ತು. ಪೆಟ್ಟಿಗೆಯೊಳಗೆ ಮಡಿಸಿಟ್ಟ ಬಟ್ಟೆ ಇತ್ತು. ಬಟ್ಟೆಯ ಮೇಲೆ ಇರಬೇಕಾಗಿದ್ದ ಹಾರ್ಡ್ ಡಿಸ್ಕ್ ಇರಲಿಲ್ಲ.

ಇರುವೆ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಕುರ್ಚಿಯ ಹಿಂದೆ ನೋಡಿದಳು. ತನ್ನ ಚೀಲವನ್ನೇ ಬುಡಮೇಲು ಮಾಡಿ ಕೊಡವಿದಳು — ಕಳೆದ ವಸ್ತು ಎಲ್ಲಿ ಇರಲಾರದೋ ಅಲ್ಲೇ ಅಲ್ಲವೆ ಮನುಷ್ಯ ಮೊದಲು ಹುಡುಕುವುದು? ಡಿಸ್ಕಿಗೆ ಚುಚ್ಚುವ ವೈರು ಮಾತ್ರ ಮೇಜಿನ ಅಂಚಿನಿಂದ ನೇತಾಡುತ್ತಿತ್ತು. ಪಕ್ಕದಲ್ಲೇ ಲ್ಯಾಪ್‌ಟಾಪ್. ತೆರೆದಳು. ತಿಂಗಳುಗಟ್ಟಲೆ ಕೂತು ಅವಳು ತಯಾರು ಮಾಡಿದ ವಿಡಿಯೊಗಳೆಲ್ಲ ಒಂದೂ ಬಿಡದೆ ಅಲ್ಲೇ ಇದ್ದವು. ಕಳ್ಳ ಅವುಗಳ ತಂಟೆಗೇ ಹೋಗಿರಲಿಲ್ಲ.

ಇರುವೆ ಎಂಬುದು ಅವಳ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಿವಿ ಕೇಳದ ಮಕ್ಕಳ ಆ ಶಾಲೆಯಲ್ಲಿ ಯಾರ ಹೆಸರೂ ಬಾಯಲ್ಲಿರುವುದಿಲ್ಲ, ಕೈಯಲ್ಲಿರುತ್ತದೆ. ಅಂಗೈ ಮೇಲೆ ಎರಡು ಬೆರಳು ಸರಸರ ಓಡಿಸಿದರೆ ಅದು ಅವಳು. ಅವಳಿಗೆ ಕಿವಿ ಕೇಳುತ್ತಿತ್ತು. ಅವಳ ಅಕ್ಕನಿಗೆ ಕೇಳುತ್ತಿರಲಿಲ್ಲ. ಅಕ್ಕ ಓದಿದ್ದು ಇದೇ ಶಾಲೆಯಲ್ಲಿ. ಅಕ್ಕನ ಜೊತೆ ಜಗಳವಾಡಲಿಕ್ಕೆಂದೇ ತಂಗಿ ಕೈಸನ್ನೆಯ ಭಾಷೆ ಕಲಿತಳು.

ಅವಳ ಕೆಲಸ ಹೀಗಿತ್ತು. ಶಾಲೆ ಕಟ್ಟಿದ ದೊಡ್ಡ ಟೀಚರ್ — ಅವರಿಗೂ ಹುಟ್ಟಿನಿಂದ ಕಿವಿ ಕೇಳದು — ಒಂದು ಕಾಲದಲ್ಲಿ ಕೈಯಲ್ಲಿ ಕಥೆ ಹೇಳಲು ಕೂತರೆ ಗೋಡೆಗೂ ಅರ್ಥವಾಗುತ್ತಿತ್ತು. ಈಗ ಆ ಕೈಗಳಿಗೆ ನಡುಕ. ಒಂದು ವಾಕ್ಯ ಶುರು ಮಾಡಿದರೆ ನಡುವೆಯೇ ಮುರಿದು ಬೀಳುತ್ತದೆ. ಉಳಿದಿರುವುದು ಹಳೆಯ ಚಿತ್ರಣಗಳು: ಕ್ಯಾಸೆಟ್ಟಿನಿಂದ ಇಳಿಸಿದವು ಕೆಲವು, ಯಾವುದೋ ಕಾಲದ ಕ್ಯಾಮೆರಾದವು ಕೆಲವು. ಒಂದೊಂದೂ ಒಂದೊಂದು ಜಾತಿ. ಇಂದಿನ ಫೋನಿಗಾಗಲಿ ಬ್ರೌಸರಿಗಾಗಲಿ ಒಂದೂ ಪಥ್ಯವಾಗದು. ಅವನ್ನೆಲ್ಲ ಎಲ್ಲ ಫೋನುಗಳೂ ಓದಬಲ್ಲ ಒಂದೇ ಜಾತಿಗೆ ತರಬೇಕು, ನಿಧಾನದ ಇಂಟರ್ನೆಟ್ಟಿನಲ್ಲೂ ಒತ್ತಿದ ಕೂಡಲೇ ಓಡುವಂತೆ ಮಾಡಬೇಕು, ಶಾಲೆಯ ವೆಬ್‌ಸೈಟಿಗೆ ಏರಿಸಬೇಕು. ದೂರದ ಮನೆಗಳಲ್ಲಿ ಕೂತ ಮಕ್ಕಳು ನೋಡಿ ಕಲಿಯಲಿ ಎಂದು.

ಮೂಲ ಚಿತ್ರಣಗಳೆಲ್ಲ ಆ ಒಂದು ಡಿಸ್ಕಿನಲ್ಲಿದ್ದವು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಎಸೆದಾಗಿತ್ತು.

ಬಾಗಿಲಲ್ಲಿ ವ್ಯವಸ್ಥಾಪಕ ನಿಂತಿದ್ದ. ದೊಡ್ಡ ಟೀಚರ ಮೈದುನ, ಗಂಡನ ತಮ್ಮ. ಶಾಲೆಯೂ ಆಗಿದ್ದ ಆ ಮನೆಯಲ್ಲಿ ಕಿವಿ ಕೇಳುವವನು ಅವನೊಬ್ಬನೇ, ಹೀಗಾಗಿ ಹೊರಗಿನ ಲೋಕದ ಜೊತೆಗಿನ ಎಲ್ಲ ವ್ಯವಹಾರವೂ ಅವನದೇ.

"ಬೀಗ ಮುರಿದಿಲ್ಲ," ಎಂದ. "ಈ ಕೋಣೆ ಕೀಲಿ ನಿನ್ನ ಹತ್ರ ಒಂದು, ನನ್ನ ಹತ್ರ ಒಂದು. ನಮ್ಮನೆ ಸಾಮಾನು ನಾನೇ ಕದೀತೀನಾ?"

"ಹಾಗಂದ್ರೆ ನಾನು ಕದ್ದೆ ಅಂತಲಾ ಸಾರ್?"

"ನಾನು ಹಾಗೆ ಅಂದೆನಾ? ಸಂಜೆಯೊಳಗೆ ಡಿಸ್ಕ್ ಈ ಮೇಜಿನ ಮೇಲಿರ್ಬೇಕು. ಇಲ್ದಿದ್ರೆ ಪೊಲೀಸಿಗೆ ಹೇಳ್ತೀನಿ. ಆಮೇಲೆ ಅವರು ಏನಂತಾರೋ ಅದು."

ಇರುವೆ ಲ್ಯಾಪ್‌ಟಾಪ್ ಮುಚ್ಚಿದಳು. ಜನ ಅವಳ ಕೈಗೆ ಕೊಡುವುದು ಎಂಥವನ್ನು? ತೀರಿಹೋದ ಅಪ್ಪನ ಮುಖ, ಮಗುವಿನ ಮೊದಲ ಹೆಜ್ಜೆ, ಎರಡನೆಯ ಪ್ರತಿ ಇಲ್ಲದ ಮದುವೆಗಳು. ನಂಬಿಕೆಯ ಮೇಲೆ ನಡೆಯುವ ಕಸುಬು. ಒಮ್ಮೆ ಕಳ್ಳಿ ಎಂಬ ಹೆಸರು ಅಂಟಿದರೆ ಉಜ್ಜಿದಷ್ಟೂ ಹರಡುತ್ತದೆ, ಎಣ್ಣೆ ಕಲೆಯ ಹಾಗೆ. ಅಳಬಾರದು ಎಂದುಕೊಂಡಳು. ಅತ್ತರೆ ಒಪ್ಪಿಕೊಂಡಂತೆ. ಸಂಜೆಯೊಳಗೆ ಕಳ್ಳ ಸಿಗಬೇಕು, ಅಷ್ಟೆ.

ವಿಷಯ ತಿಳಿದ ದೊಡ್ಡ ಟೀಚರ್ ಗಾಲಿಕುರ್ಚಿಯಲ್ಲಿ ಕೂತೇ ಒಂದು ಬೆರಳನ್ನು ಕಣ್ಣ ಕೆಳಗಿಟ್ಟು ಎಳೆದರು. ಅದೂ ಒಂದು ಹೆಸರು. ಅವನನ್ನು ಕರೆಸು ಎಂದರ್ಥ.

*

ಬಾಯಿ ಇರುವವರು ಅವನನ್ನು ಓರೆಗಣ್ಣ ಎನ್ನುತ್ತಿದ್ದರು. ಆ ಶಾಲೆಯ ಹಳೆಯ ವಿದ್ಯಾರ್ಥಿ. ವಿಮಾ ಕಂಪನಿಗಳಿಗೆ ಸುಳ್ಳು ಬೆಂಕಿ, ಸುಳ್ಳು ಕಳವುಗಳನ್ನು ಪತ್ತೆ ಮಾಡಿಕೊಡುವುದು ಅವನ ಕಸುಬು. ಎಡಗಾಲು ಎಳೆದು ಹಾಕುತ್ತ ಬಂದ. ಕೋಣೆಯ ಸುತ್ತ ಒಮ್ಮೆ ನೋಡಿದ. ಮೇಜಿನ ಮೇಲೆ, ಗೋಡೆಯ ಮೇಲೆ, ಲ್ಯಾಪ್‌ಟಾಪಿನ ಬೆನ್ನ ಮೇಲೆ ಅಂಗೈಯಿಟ್ಟು ನೋಡಿದ. ವೈದ್ಯರು ಎದೆಗೆ ಕೈಯಿಡುವಂತೆ.

ಆಮೇಲೆ ಇರುವೆಯತ್ತ ತಿರುಗಿ ಕೈಯಾಡಿಸಿದ.

"ನೀನು ಕದ್ದೆಯಾ?"

"ಇಲ್ಲ."

"ಸರಿ. ಹಾಗಾದರೆ ಈವತ್ತು ನೀನು ನನ್ನ ಬಾಯಿ. ನಾನು ಕೇಳುವ ಪ್ರಶ್ನೆ ನೀನು ಹೇಳು, ಅವರು ಹೇಳಿದ್ದು ನನಗೆ ತೋರಿಸು."

"ಇಷ್ಟು ಬೇಗ ನಂಬಿಬಿಟ್ರಾ?"

"ಎಲ್ಲಿ ನಂಬಿದೆ? ಕದ್ದವರ ಬಾಯಿಂದಲೇ ಪ್ರಶ್ನೆ ಕೇಳಿಸಿದರೆ ಎಲ್ಲಿ ತಡವರಿಸುತ್ತಾರೆ ಅಂತ ನೋಡೋದು ಸುಲಭ."

ನಗಬೇಕೋ ಸಿಟ್ಟಾಗಬೇಕೋ ಅವಳಿಗೆ ತಿಳಿಯಲಿಲ್ಲ.

ಮೊದಲು ಅವಳ ಕೆಲಸದ ಬಗೆಯನ್ನೇ ಕೆದಕಿ ಕೆದಕಿ ಕೇಳಿದ. ಮೂಲ ಫೈಲು ಏಕೆ ಹಾಗೇ ಓಡುವುದಿಲ್ಲ? ಇರುವೆ ತಾಳ್ಮೆಯಿಂದ ವಿವರಿಸಿದಳು. ಪುಸ್ತಕದ ಪರಿವಿಡಿ ಕೊನೆಯ ಪುಟದಲ್ಲಿದ್ದರೆ ಪುಸ್ತಕವೆಲ್ಲ ಮನೆಗೆ ಬರುವ ತನಕ ಓದುವಂತಿಲ್ಲ, ಅಲ್ಲವೆ? ಹಳೆಯ ಫೈಲುಗಳೂ ಹಾಗೇ. ಅವಳು ಪರಿವಿಡಿಯನ್ನು ಮುಂದಕ್ಕೆ ತರುತ್ತಾಳೆ. ಕಣ್ಣಿಗೆ ಬೇಡದ ಬೊಜ್ಜು ಕರಗಿಸುತ್ತಾಳೆ. ಆದರೆ ಚಿತ್ರವನ್ನು ತೀರ ತೆಳ್ಳಗೆ ಮಾಡುವಂತಿಲ್ಲ — ಬೆರಳು ಕಲಸಿಹೋದರೆ ಮಾತೇ ಕಲಸಿಹೋದಂತೆ. ಶಬ್ದವನ್ನು ಮಾತ್ರ ಪೂರ್ತಿ ತೆಗೆದಿದ್ದಳು. ಕಿವುಡರ ಪಾಠಕ್ಕೆ ಶಬ್ದ ಯಾಕೆ? ನಿನ್ನೆ ಸಂಜೆ ಮಾತ್ರ ವ್ಯವಸ್ಥಾಪಕನ ಎದುರಿಗೇ ದೊಡ್ಡ ಟೀಚರ್ ಅದನ್ನು ಮರಳಿ ಸೇರಿಸು ಎಂದಿದ್ದರು. ಮಕ್ಕಳ ಜೊತೆ ಕಿವಿ ಕೇಳುವ ಅಮ್ಮಂದಿರೂ ಕೂತು ಕಲಿಯುತ್ತಾರೆ, ಸದ್ದಿಲ್ಲದ ವಿಡಿಯೊ ಕಂಡರೆ ಕೆಟ್ಟಿದೆ ಎಂದುಕೊಂಡು ಮುಚ್ಚಿಬಿಡುತ್ತಾರೆ ಎಂದು. ಅದಕ್ಕೇ ಇವತ್ತು ಬೇಗ ಬಂದಿದ್ದಳು.

"ತಯಾರಾದ ಫೈಲುಗಳು ಇದ್ದಾವೆ?"

"ಎಲ್ಲ ಇದ್ದಾವೆ. ವೆಬ್‌ಸೈಟಲ್ಲೂ ಇದ್ದಾವೆ."

ಓರೆಗಣ್ಣ ನೇತಾಡುತ್ತಿದ್ದ ವೈರಿನ ತುದಿಯನ್ನು ಹಿಡಿದು ನೋಡಿ ಬಿಟ್ಟ. ಆಮೇಲೆ ಅವನ ಕೈ ನಿಧಾನವಾಗಿ ಚಲಿಸಿತು.

"ಅಕ್ಕಿ ಮೂಟೆ ಬಿಟ್ಟು ಹೊಟ್ಟು ಒಯ್ದಿದ್ದಾನೆ. ಎಂಥ ಕಳ್ಳ ಇವನು?"

*

ವ್ಯವಸ್ಥಾಪಕ ತನ್ನ ಕೋಣೆಯಲ್ಲಿ ಫೋನಿನಲ್ಲಿದ್ದ. ಇಟ್ಟ. ಓರೆಗಣ್ಣನಿಗೆ ಕುರ್ಚಿ ತೋರಿಸಿದ, ಮುಖ ತೋರಿಸಲಿಲ್ಲ.

"ಇವರು ಕೇಳ್ತಿದ್ದಾರೆ," ಎಂದಳು ಇರುವೆ, "ದಯವಿಟ್ಟು ತಪ್ಪು ತಿಳ್ಕೋಬೇಡಿ, ನಿನ್ನೆ ನೀವು..."

ಓರೆಗಣ್ಣ ಮೇಜು ಕುಟ್ಟಿದ. ಅವನು ಅವಳ ತುಟಿಯನ್ನೇ ಓದುತ್ತಿದ್ದ. ಸಕ್ಕರೆ ಹಾಕಬೇಡ ಎಂದು ಕೈಯಾಡಿಸಿದ.

"ಸರಿ. ಡಿಸ್ಕನ್ನ ಯಾಕೆ ಕದೀತಾರೆ?"

"ಮಾರೋಕೆ," ಎಂದ ವ್ಯವಸ್ಥಾಪಕ. "ಅತ್ತಿಗೆ ಪಾಠ ಅಂದ್ರೆ ಬೇರೆ ಶಾಲೆಯವರು ಕಣ್ಣಿಗೊತ್ಕೊಂಡು ತಗೋತಾರೆ."

"ವೆಬ್‌ಸೈಟಲ್ಲಿ ಸುಮ್ಮನೆ ಸಿಗೋದನ್ನ?"

ವ್ಯವಸ್ಥಾಪಕ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಹಾಗಾದ್ರೆ ಹಗೆ. ಎದುರುಗಡೆ ಪಂಕ್ಚರ್ ಅಂಗಡಿಯವನನ್ನ ಕೇಳಿ. ಹಿಂದೆ ಇಲ್ಲಿ ಕಾವಲಿಗಿದ್ದ. ಗೇಟು ತೆರೆದಿಟ್ಟು ಎಲ್ಲಿಗೋ ಹೋದ, ಒಂದು ಮಗು ರಸ್ತೆಗೆ ಓಡಿ ಕಾರಿಗೆ ಸಿಕ್ತು. ಕೆಲಸದಿಂದ ತೆಗೆದ್ವಿ. ಅವತ್ತಿಂದ ಈ ಮನೆ ಮೇಲೆ ಹಲ್ಲು ಮಸೀತಾ ಕೂತಿದ್ದಾನೆ."

"ಆ ಮಗು ಏನಾಯ್ತು?" ಎಂದು ಕೇಳಿದ್ದು ಓರೆಗಣ್ಣನಲ್ಲ, ಇರುವೆ.

"ಬದುಕ್ತು," ಎಂದ ವ್ಯವಸ್ಥಾಪಕ, ಕಿಟಕಿಯ ಕಡೆ ನೋಡುತ್ತ.

ಇರುವೆ ಅದನ್ನು ಕೈಯಲ್ಲಿ ಹೇಳುವಾಗ ಓರೆಗಣ್ಣ ತನ್ನ ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಅವಳ ಕೈ ಅರ್ಧಕ್ಕೇ ನಿಂತಿತು. ಅವನು ಮುಂದುವರಿಸು ಎಂದು ಕಣ್ಣಲ್ಲೇ ಹೇಳಿದ.

ರಸ್ತೆಯಾಚೆ ಮುದುಕ ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಬಂದವರ ಮುಖ ನೋಡಲಿಲ್ಲ. ಕಾಲು ನೋಡಿದ. ನೋಡಿ ಮತ್ತೆ ನೀರಿಗೆ ತಲೆ ಬಗ್ಗಿಸಿದ.

"ಒಳಗೆ ಹೋಗಿದ್ರಾ ನಿನ್ನೆ?" ಎಂದು ಕೇಳಿದಳು ಇರುವೆ. ಈಗ ಸಕ್ಕರೆ ಇರಲಿಲ್ಲ.

"ಅವತ್ತಿಂದ ಆ ಗೇಟು ದಾಟಿಲ್ಲ ತಾಯಿ. ದಿನಾ ಸಂಜೆ ಹೋಗಿ ಅಗಳಿ ಹಾಕಿದೆಯಾ ಅಂತ ನೋಡಿ ಬರ್ತೀನಿ. ಹೊರಗಿಂದಾನೇ."

"ಯಾಕೆ?"

"ಒಳಗೆ ಮಕ್ಕಳಿದ್ದಾವಲ್ಲ."

"ಅವತ್ತು ಯಾಕೆ ಗೇಟು ಬಿಟ್ಟು ಹೋದ್ರಿ?"

ಟ್ಯೂಬಿನಿಂದ ಒಂದು ಸಾಲು ಗುಳ್ಳೆ ಎದ್ದಿತು. ಮುದುಕ ಅಲ್ಲಿ ಬೆರಳೊತ್ತಿದ. "ಕಳಿಸಿದ್ರು, ಹೋದೆ. ಹೇಳಿ ಹೇಳಿ ನಾಲಿಗೆ ಸವೀತು. ಸಾಕ್ಷಿ ಎಲ್ಲಿ ಅಂದ್ರು. ಕಿವಿ ಕೇಳದವರ ಮನೇಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರ್ಲಿ?"

ಯಾರು ಕಳಿಸಿದ್ದು ಎಂದು ಇರುವೆ ಕೇಳಹೊರಟಳು. ಓರೆಗಣ್ಣ ಅವಳ ಭುಜ ಮುಟ್ಟಿ ತಡೆದ. ಇವನಿಂದ ಹೆಸರು ಬೇಡ, ಹೆಸರಿಗೆ ಆಧಾರ ಬೇಕು ಎಂದ. ರಸ್ತೆ ದಾಟುವಾಗ ಅವನ ಮುಖ ಗಟ್ಟಿಯಾಗಿತ್ತು.

*

ದೊಡ್ಡ ಟೀಚರ್ ಜಗಲಿಯಲ್ಲಿ ಮೇಜಿನ ಪಕ್ಕ ಗಾಲಿಕುರ್ಚಿಯಲ್ಲಿ ಕೂತು ಟ್ಯಾಬ್ಲೆಟ್ ನೋಡುತ್ತಿದ್ದರು. ದಿನವೂ ನೋಡುವುದು ಒಂದೇ: ಬಾಲ ಕಳೆದುಕೊಂಡ ಹಲ್ಲಿಯ ಕಥೆ. ಅದರಲ್ಲಿ ಅವರ ಕೂದಲು ಕಪ್ಪು, ಕೈ ಚಾಕುವಿನಷ್ಟು ಚುರುಕು. ಹಲ್ಲಿ ಬಾಲ ಹುಡುಕುತ್ತ ಗೋಡೆಯಿಂದ ಗೋಡೆಗೆ ಹೋಗುತ್ತದೆ, ಎಲ್ಲರನ್ನೂ ಕೇಳುತ್ತದೆ. ಈಗಿನ ಟೀಚರು ಅಂದಿನ ಟೀಚರನ್ನು ನೋಡುತ್ತಿದ್ದರು — ಬೇರೊಬ್ಬಳ ಮೇಲೆ ಹೊಟ್ಟೆಕಿಚ್ಚುಪಡುವವರ ಹಾಗೆ.

ಅದು ಇರುವೆ ಮಾಡಿದ ಮೊಟ್ಟಮೊದಲ ಫೈಲು. ಓಡುತ್ತದೋ ಇಲ್ಲವೋ ನೋಡಲೆಂದು ಟ್ಯಾಬ್ಲೆಟ್ಟಿಗೆ ಹಾಕಿ, ಪಡಸಾಲೆಯಲ್ಲಿ ಮಕ್ಕಳ ಗದ್ದಲದ ನಡುವೆ ತೋರಿಸಿದ್ದಳು. ವ್ಯವಸ್ಥಾಪಕನೂ ಬಂದು ನಿಂತು ಕೊನೆಯ ತನಕ ನೋಡಿದ್ದ.

ಓರೆಗಣ್ಣ ಈಗ ಟ್ಯಾಬ್ಲೆಟ್ಟನ್ನು ನೋಡಲಿಲ್ಲ. ಅದನ್ನು ಹಿಡಿದ ಕೈಯನ್ನು ನೋಡಿದ. ಬಹಳ ಹೊತ್ತು. ಆಮೇಲೆ ಇರುವೆಗೆ ಒಂದೇ ಪ್ರಶ್ನೆ ಕೇಳಿದ.

"ಶಬ್ದ ತೆಗೆದ ಮೇಲೆ ಫೈಲಿನ ತೂಕ ಎಷ್ಟು ಇಳಿಯಿತು?"

ಇರುವೆ ಯೋಚಿಸಿದಳು. ಯೋಚಿಸುತ್ತಿದ್ದಂತೆ ಅವಳ ಮುಖದ ಬಣ್ಣ ಬದಲಾಯಿತು. ಇಷ್ಟು ದಿನ ಆ ಕೆಲಸ ಮಾಡಿದವಳು ತಾನು. ಒಮ್ಮೆಯೂ ತನ್ನನ್ನೇ ಕೇಳಿಕೊಂಡಿರಲಿಲ್ಲವಲ್ಲ?

"ಎಲ್ಲರನ್ನೂ ಕರೆ," ಎಂದ ಓರೆಗಣ್ಣ. "ಆ ಮುದುಕನನ್ನೂ."

ಮುದುಕ ಬಂದ, ಆದರೆ ಗೇಟಿನಾಚೆಯೇ ನಿಂತ. ಜಗಲಿಗೂ ಗೇಟಿಗೂ ನಡುವೆ ಒಂದು ಸಣ್ಣ ಅಂಗಳ ಅಷ್ಟೆ. ಒಳಗೆ ಬನ್ನಿ ಎಂದರೆ ತಲೆಯಾಡಿಸಿದ. ವ್ಯವಸ್ಥಾಪಕ ಕಂಬಕ್ಕೊರಗಿ ಗಡಿಯಾರ ನೋಡಿಕೊಂಡ. ಸಂಜೆಯ ಬಿಸಿಲು ಅಂಗಳದ ಅಂಚಿಗೆ ಸರಿದಿತ್ತು.

ಓರೆಗಣ್ಣನ ಕೈ ಆಡತೊಡಗಿತು. ಇರುವೆಯ ದನಿ ಅದರ ಹಿಂದೆ ಓಡಿತು.

"ಕಳ್ಳ ಹೊಟ್ಟು ಕದ್ದಿದ್ದಾನೆ. ಹಾಗಾದರೆ ಅಕ್ಕಿಯಲ್ಲಿ ಇಲ್ಲದ್ದು ಹೊಟ್ಟಿನಲ್ಲಿ ಏನಿತ್ತು? ಎರಡೇ. ಒಂದು ಬೊಜ್ಜು. ಅದನ್ನ ಯಾರೂ ಕದಿಯಲ್ಲ. ಇನ್ನೊಂದು ಶಬ್ದ. ನಿನ್ನೆ ಸಂಜೆ ಟೀಚರ್ ಶಬ್ದ ಸೇರಿಸು ಅಂದರು. ಬೆಳಗಾಗೋದ್ರೊಳಗೆ ಶಬ್ದ ಇದ್ದ ಡಿಸ್ಕ್ ಮಾಯ."

"ಸದ್ದು ಕದಿಯೋಕೆ ಯಾರಿಗೆ ಹುಚ್ಚು?" ಎಂದ ವ್ಯವಸ್ಥಾಪಕ.

"ಮೊದಲು ಶಬ್ದ ತೆಗಿ ಅಂತ ಹೇಳಿದ್ದು ಯಾರು?"

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವಳೂ ಇರುವೆಯೇ. ಕೇಳಿದ ಬಾಯಿಯಿಂದಲೇ ಹೇಳಿದಳು. "ನೀವು ಸಾರ್. ಫೈಲು ಭಾರ, ಹಗುರ ಮಾಡು, ಕಿವುಡರಿಗೆ ಸದ್ದು ಯಾಕೆ ಅಂದ್ರಿ. ನನಗೂ ಸರಿ ಅನ್ನಿಸ್ತು. ಆದ್ರೆ ವಿಡಿಯೊದಲ್ಲಿ ಭಾರ ಇರೋದು ಚಿತ್ರಕ್ಕೆ. ಸದ್ದು ತೆಗೆದ್ರೆ ಇಳಿಯೋದು ಮೂಟೆಯಿಂದ ಒಂದು ಹಿಡಿ. ನನಗೆ ಗೊತ್ತಿದ್ದದ್ದೇ. ಕಾರಣ ಅಷ್ಟು ಚೆನ್ನಾಗಿತ್ತು, ತೂಗಿ ನೋಡ್ಲೇ ಇಲ್ಲ."

ಓರೆಗಣ್ಣನ ಕೈ ಬಿರುಸಾಯಿತು.

"ಕೆಲಸ ಕೊಟ್ಟ ದಿನ ಇವರು ಶಬ್ದದ ಸುದ್ದಿಯೇ ಎತ್ತಲಿಲ್ಲ. ಹಲ್ಲಿಯ ಕಥೆ ಓಡೋದನ್ನ ನಿಂತು ಕೇಳಿದ ಮೇಲೆ ಎತ್ತಿದರು. ಆ ಗದ್ದಲದಲ್ಲಿ ಇನ್ಯಾರಿಗೂ ಕೇಳದ್ದು ಇವರಿಗೆ ಕೇಳಿಸ್ತು. ತನ್ನ ದನಿ ತನಗೆ ಗೊತ್ತಾಗದೆ ಇರತ್ತಾ? ನಮ್ಮ ಕಿವುಡುತನ ಇವರಿಗೆ ಒಳ್ಳೇ ಬಾಗಿಲಾಯ್ತು. ಹಿಂದೆ ಅಡಗಿದರು."

"ಡಿಸ್ಕ್ ಸಿಕ್ಕಿಲ್ಲ," ಎಂದ ವ್ಯವಸ್ಥಾಪಕ. ದನಿಯಲ್ಲಿ ಧೈರ್ಯವಿತ್ತು. "ಸುಮ್ಮನೆ ಕಥೆ ಕಟ್ಬೇಡಿ. ಸದ್ದಿರೋ ಫೈಲು ಒಂದೂ ಇಲ್ಲ ಈಗ."

"ಇದೆ," ಎಂದಳು ಇರುವೆ, ಓರೆಗಣ್ಣನ ಕೈ ನೋಡುತ್ತ. "ಟೀಚರ ಮಡಿಲಲ್ಲೇ ಇದೆ, ಶಬ್ದ ತೆಗೆಯೋಕೆ ಮೊದಲು ಹಾಕಿದ ಪ್ರತಿ. ವೆಬ್‌ಸೈಟಿನ ಫೈಲು ಬದಲಾದ್ರೆ ಟ್ಯಾಬ್ಲೆಟ್ಟಿನದೂ ಬದಲಾಗತ್ತೆ ಅಂತ ನೀವು ತಿಳ್ಕೊಂಡ್ರಿ. ದಿನಾ ಇದರ ಪಕ್ಕ ಓಡಾಡ್ತೀರಿ, ಸದ್ದು ಬರಲ್ಲ, ನಿಶ್ಚಿಂತೆ. ಸದ್ದು ಯಾಕೆ ಬರಲ್ಲ? ಟೀಚರ ಹೆಬ್ಬೆರಳು ನೋಡಿ."

ಎಲ್ಲರೂ ನೋಡಿದರು. ನಡುಗುವ ಹೆಬ್ಬೆರಳು ಟ್ಯಾಬ್ಲೆಟ್ಟಿನ ಅಂಚಿನಲ್ಲಿ, ಶಬ್ದ ಇಳಿಸುವ ಗುಂಡಿಯ ಮೇಲೆ ಕೂತಿತ್ತು. ತಟ ತಟ ತಟ ಒತ್ತುತ್ತಲೇ ಇತ್ತು.

ಓರೆಗಣ್ಣ ಟ್ಯಾಬ್ಲೆಟ್ ತೆಗೆದುಕೊಂಡ. ಶಬ್ದ ಪೂರ್ತಿ ಏರಿಸಿದ. ಹಿಂಬದಿಗೆ ಅಂಗೈಯಿಟ್ಟ. ಕಥೆ ಓಡಿತು. ಸದ್ದು ಅಂಗೈಗೆ ತಾಗಿತೆಂದು ಅವನ ಕಣ್ಣಲ್ಲಿ ಕಂಡಿತು.

ಮೊದಲು ಬರೀ ಗಾಳಿ. ಕಾಗೆಯೊಂದು. ದೊಡ್ಡ ಟೀಚರ ನಗು — ಒರಟಾಗಿ, ಬೆಚ್ಚಗೆ. ಆಮೇಲೆ ಕಿಟಕಿಯ ಹೊರಗಿನಿಂದ ಒಬ್ಬ ಯುವಕನ ದನಿ: "ಗೇಟು ನಾನು ನೋಡ್ಕೋತೀನಿ, ನೀನು ಹೋಗಿ ನನ್ನ ಬೈಕು ಒರೆಸು."

"ಮಕ್ಕಳು ಆಡ್ತಿದ್ದಾವೆ ಸಾರ್..."

"ಹೋಗು ಅಂದ್ರೆ ಹೋಗು. ನಾನಿಲ್ವಾ ಇಲ್ಲಿ?"

ಹಲ್ಲಿ ಗಡಿಯಾರದ ಹಿಂದೆ ಹುಡುಕಿತು. ಪೆಟ್ಟಿಗೆಯೊಳಗೆ ಹುಡುಕಿತು. ಎಲ್ಲೋ ಫೋನು ರಿಂಗಾಯಿತು, ಅದೇ ಯುವಕ ನಗುತ್ತ ಮಾತಾಡುತ್ತ ದೂರವಾದ. ಗೇಟು ಕಿರುಗುಟ್ಟಿತು. ಪುಟ್ಟ ಪಾದಗಳ ಓಟ. ಆಮೇಲೆ — ಟೈರು ರಸ್ತೆಯನ್ನು ಉಜ್ಜಿದ ಉದ್ದನೆಯ ಚೀತ್ಕಾರ. ಚಿತ್ರದಲ್ಲಿ ದೊಡ್ಡ ಟೀಚರ್ ನಗುನಗುತ್ತ ಕೈಯಾಡಿಸುತ್ತಲೇ ಇದ್ದರು. ಹಲ್ಲಿಗೆ ಹೊಸ ಬಾಲ ಮೂಡುತ್ತಿತ್ತು.

ಗೇಟಿನಾಚೆ ಮುದುಕ ಸರಳು ಹಿಡಿದುಕೊಂಡ.

ದೊಡ್ಡ ಟೀಚರ್ ಇರುವೆಯ ಮುಖ ನೋಡಿ, ಏನು ಎಂದು ಕೇಳಿದರು.

ಆಗ ವ್ಯವಸ್ಥಾಪಕ ಮುಖ ಗೋಡೆಗೆ ತಿರುಗಿಸಿ, ಯಾರೂ ತುಟಿ ಓದಬಾರದೆಂದು, ಮೆಲ್ಲಗೆ ಹೇಳಿದ. "ಅತ್ತಿಗೆಗೆ ಅದನ್ನ ಹೇಳ್ಬೇಡ ಕಣಮ್ಮ. ಬರೀ ಗಾಳಿ ಸದ್ದು ಅನ್ನು. ಡಿಸ್ಕ್ ನನ್ನ ಸ್ಕೂಟರ್ ಪೆಟ್ಟಿಗೇಲಿದೆ, ಸಿಕ್ತು ಅಂತ ಕೊಟ್ಬಿಡ್ತೀನಿ. ನಿನ್ನ ಹೆಸರಿಗೆ ಒಂದು ಚುಕ್ಕೆ ಬರಲ್ಲ. ನಿನಗೆ ಬೇಕಿದ್ದದ್ದು ಅದೇ ತಾನೇ?"

ಅದೇ. ಬೆಳಗಿನಿಂದ ಅವಳಿಗೆ ಬೇಕಿದ್ದದ್ದು ಅದೊಂದೇ. ಒಂದು ಸುಳ್ಳು ಸನ್ನೆ ಸಾಕು — ಗಾಳಿಗೆ ಬೆರಳು ಒಮ್ಮೆ ಬಳುಕಿಸಿದರಾಯಿತು. ಮುದುಕ ದೂರದಲ್ಲಿದ್ದಾನೆ. ಕೇಳಿಸಿಕೊಂಡಿದ್ದರೂ, ಅವನ ಮಾತನ್ನು ಈ ಮನೆಯಲ್ಲಿ ಯಾರು ಕೇಳಿದ್ದಾರೆ?

ಇರುವೆ ಕೈಯೆತ್ತಿದಳು. ಗೇಟು ಎಂದಳು. ಬೈಕು ಎಂದಳು. ನಾನಿಲ್ವಾ ಇಲ್ಲಿ ಎಂದಳು. ಫೋನು, ಕಿರುಗುಟ್ಟಿದ್ದು, ಪುಟ್ಟ ಪಾದ. ಟೈರಿನ ಸದ್ದಿಗೆ ಸನ್ನೆ ಸಿಗದೆ ಮೇಜಿನ ಮೇಲೆ ಉಗುರು ಎಳೆದಳು. ಟೀಚರೂ ಓರೆಗಣ್ಣನೂ ಅಂಗೈಯಿಟ್ಟು ಅದನ್ನು ಕೇಳಿಸಿಕೊಂಡರು. ಆಮೇಲೆ, ಈಗಷ್ಟೇ ಗೋಡೆಗೆ ಹೇಳಿದ ಮಾತನ್ನೂ ಒಂದಕ್ಷರ ಬಿಡದೆ ಹೇಳಿದಳು. ಸ್ಕೂಟರ್ ಪೆಟ್ಟಿಗೆಯನ್ನೂ. ತನಗೆ ಸಿಗಬೇಕಿದ್ದ ಹೆಸರನ್ನೂ. ಸಕ್ಕರೆ ಹಾಕಲಿಲ್ಲ.

ಓರೆಗಣ್ಣ ವ್ಯವಸ್ಥಾಪಕನತ್ತ ಬೆರಳು ತೋರಿಸಿದ. ಅಷ್ಟಕ್ಕೆ ಅನುವಾದ ಬೇಕಿರಲಿಲ್ಲ.

ವ್ಯವಸ್ಥಾಪಕ ಜೇಬಿನಿಂದ ಸ್ಕೂಟರಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ. "ಒಡೆದು ಹಾಕ್ಬೇಕು ಅಂತಾನೇ ಒಯ್ದೆ," ಎಂದ. "ಅತ್ತಿಗೆ ಕೈ ಇದ್ದ ಹಾಗೇ ಇರೋದು ಅದೊಂದರಲ್ಲೇ. ಆಗ್ಲಿಲ್ಲ."

ದೊಡ್ಡ ಟೀಚರ್ ಅವನತ್ತ ತಿರುಗಲಿಲ್ಲ. ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಜಗಲಿಯ ಅಂಚಿಗೆ ಬಂದು, ಗೇಟಿನ ಕಡೆ ಕೈಯೆತ್ತಿ ಬಾ ಎಂದು ಕರೆದರು. ಮುದುಕ ಅಲುಗಲಿಲ್ಲ. ಮತ್ತೆ ಕರೆದರು. ಅವನು ಚಪ್ಪಲಿ ಬಿಟ್ಟು, ನೀರಿಗಿಳಿಯುವವನಂತೆ ಒಂದು ಕಾಲು ಒಳಗಿಟ್ಟ. ಆಮೇಲೆ ಇನ್ನೊಂದು.

ಟೀಚರ್ ಎರಡೂ ಕೈ ಎತ್ತಿದರು. ಕೈ ವಿಪರೀತ ನಡುಗುತ್ತಿತ್ತು. ಬಾಗಿಲು ಮುಚ್ಚುವಂತೆ ಒಂದು ಅಂಗೈಯನ್ನು ಇನ್ನೊಂದರ ಅಂಚಿಗೆ ತಂದು ಕೂಡಿಸಿದರು. ತಪ್ಪಿತು. ಮತ್ತೆ ಕೂಡಿಸಿದರು.

ಅನುವಾದಿಸಲೆಂದು ಇರುವೆ ಬಾಯಿ ತೆರೆದಳು. ಮುದುಕ ಬೇಡ ಎಂದು ಕೈಯಾಡಿಸಿದ. ಕಾವಲಿಗಿದ್ದ ಕಾಲದಲ್ಲಿ ದಿನಕ್ಕೆಷ್ಟೋ ಸಲ ಟೀಚರ್ ಈ ಜಗಲಿಯಿಂದ ಅವನಿಗೆ ಮಾಡುತ್ತಿದ್ದ ಸನ್ನೆ ಅದು. ಮರೆಯುವುದುಂಟೆ?

ಅವನು ಹಿಂದಿರುಗಿ ಗೇಟು ಎಳೆದ. ಒಳಗಿನಿಂದ ಅಗಳಿ ಹಾಕಿದ.